ಮೊಳೆಗೆ ತೂಗುಹಾಕಿದ ನೋಟಿಸ್ ಪುಸ್ತಕ

ನಾನು ಒಂದು ನೋಟಿಸ್ ಪುಸ್ತಕ. ಗಂಗಾವತಿಯ ಸಣ್ಣದೊಂದು ಮುದ್ರಣಾಲಯದಲ್ಲಿ ಹುಟ್ಟಿದೆ. ಕೆಲಸ ಮಾಡುವಾಗ ಯಾರಿಗಾದರೂ ಪೆಟ್ಟಾದರೆ ಹೆಸರು, ತಾರೀಖು, ಪೆಟ್ಟಾದ ಬಗೆ ಎಲ್ಲವನ್ನೂ ಕೂಡಲೇ ನನ್ನಲ್ಲಿ ಬರೆಯಬೇಕು. ಇಷ್ಟೇ ನನ್ನ ಕಸುಬು. ಆದರೆ ನಾನು ಹುಟ್ಟಾ ಪುಕ್ಕಲ. ಬರೆಯುವಂಥದ್ದು ಏನೂ ಆಗದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ಒಂದು ಅಕ್ಕಿ ಗಿರಣಿಗೆ ಬಂದೆ. ಮೇಸ್ತ್ರಿ ಶರಭಯ್ಯ ನನ್ನನ್ನು ಯಂತ್ರದ ಬೆಲ್ಟಿನ ಎದುರು ಮೊಳೆಗೆ ತೂಗುಹಾಕಿದ. ಆ ವರ್ಷದ ಆಯುಧ ಪೂಜೆಯಲ್ಲಿ ಯಂತ್ರಗಳ ಜೊತೆ ನನಗೂ ವಿಭೂತಿ, ಕುಂಕುಮ, ಚೆಂಡು ಹೂ. ಅಲ್ಲಿಗೆ ಮುಗಿಯಿತು ನನ್ನ ಕಸುಬು! ಪೂಜೆಯಾದ ಪುಸ್ತಕದಲ್ಲಿ ರಕ್ತದ ಸುದ್ದಿ ಬರೆದರೆ ಮತ್ತೊಬ್ಬರ ರಕ್ತ ಬೀಳುತ್ತದಂತೆ. ಯಾರು ಹೇಳಿದರೋ, ಎಲ್ಲರೂ ದೂರದಿಂದಲೇ ಕೈಮುಗಿಯತೊಡಗಿದರು.

ಹೊಟ್ಟು ಗುಡಿಸುವ ದುರುಗಮ್ಮನ ಸೆರಗು ಬೆಲ್ಟಿಗೆ ಸಿಕ್ಕಿದ್ದು ನನ್ನ ಕಣ್ಣೆದುರೇ. ಬಿಡಿಸಿಕೊಳ್ಳಲು ಹೋದ ಬಲಗೈಯ ನಾಲ್ಕು ಬೆರಳು ಹೋದವು. ಆ ಕೂಗಿಗೆ ನನ್ನ ಹಾಳೆಗಳೆಲ್ಲ ನಡುಗಿದವು. ತಿಂಗಳಾದ ಮೇಲೆ ಬಂದವಳು ನನ್ನತ್ತ ಕೈ ಚಾಚಿದಳು.

"ಬ್ಯಾಡವ್ವಾ, ಮಿಲ್ಲಿಗೆ ಕೇಡು," ಎಂದ ಶರಭಯ್ಯ.

ಅವಳಿಗೂ ಅಂಜಿಕೆ. ಎಡಗೈಯಿಂದ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಗಿರಣಿಯ ಮಾಲೀಕರಾದ ಸಾಹುಕಾರರು ಅವಳಿಗೆ ಗೇಟು ಕಾಯುವ ಕೆಲಸ ಕೊಟ್ಟು, "ನಾ ಅದೀನಲ್ಲ, ಬರೆಯೋದ್ಯಾಕ?" ಎಂದರು. ಆ ಒಂದು ಮಾತನ್ನು ನಂಬಿ ಅವಳು ದಿನ ದೂಡಿದಳು.

ಒಮ್ಮೆ ಕಾರ್ಮಿಕ ಇಲಾಖೆಯ ಅಮ್ಮನವರೊಬ್ಬರು ತಪಾಸಣೆಗೆ ಬಂದು ನನ್ನನ್ನು ತೆರೆದರು. ಖಾಲಿ! ಗೇಟಿನಲ್ಲಿ ದುರುಗಮ್ಮನ ಕೈ ಕಂಡು ಎಲ್ಲ ವಿಚಾರಿಸಿದರು.

"ಪರಿಹಾರದ ಅರ್ಜಿಗೆ ಅಪಘಾತ ಆದ ದಿನದಿಂದ ಎರಡು ವರ್ಷ ಗಡುವು. ನಿನಗ ಉಳಿದಿರೋದು ಒಂಬತ್ತು ದಿನ. ದಾಟಿದ್ರ ತಡ ಯಾಕಾತು ಅಂತ ಒಪ್ಪಿಸಬೇಕು, ಒಪ್ಪೋದು ಬಿಡೋದು ಅಧಿಕಾರಿ ಕೈಯಾಗ. ಇದರಾಗ ಬರಿ. ಆಸ್ಪತ್ರೆ ಚೀಟಿ ತಗೊಂಡು ಬಾ."

ಅಂದು ಮಧ್ಯಾಹ್ನವೇ ಅವಳು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು. ಸಂಜೆಗೆ ಸಾಹುಕಾರರ ಕಿವಿಗೆ ಬಿತ್ತು. ಶರಭಯ್ಯ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಬಾಯ್ಲರ್ ಕಡೆ ನಡೆದ. ಬೆಂಕಿಯ ಬಾಯಿ ತೆರೆಯಿತು. ನನ್ನ ಜೀವ ಬಾಯಿಗೆ ಬಂತು.

"ಮೇಸ್ತ್ರಿ, ಪೂಜೆ ಆದ ಪುಸ್ತಕ ಸುಡ್ತೀರೇನ್ರಿ?" ದುರುಗಮ್ಮ ಅಡ್ಡ ನಿಂತಿದ್ದಳು.

ಅವನು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಬರೆಯಲು ಬಿಡದ ಅಂಜಿಕೆಯೇ ಈಗ ಸುಡಲೂ ಬಿಡಲಿಲ್ಲ. ಅವಳು ನನ್ನನ್ನು ಕಸಿದುಕೊಂಡು ಓಡಿದಳು. ಗಡುವಿಗೆ ಎರಡು ದಿನ ಇರುವಾಗ ಅರ್ಜಿ ಇಲಾಖೆಯ ಕಚೇರಿ ಸೇರಿತು.

ವಿಚಾರಣೆಯಲ್ಲಿ ಸಾಹುಕಾರರ ವಕೀಲರು ನನ್ನನ್ನು ಎತ್ತಿ ಹಿಡಿದರು. "ಬರೆದದ್ದು ಎರಡು ವರ್ಷ ತುಂಬುವ ಹೊತ್ತಿಗೆ. ನಮಗೆ ನೋಟಿಸೇ ಬಂದಿಲ್ಲ."

ಅಧಿಕಾರಿ ಶರಭಯ್ಯನನ್ನು ಕೇಳಿದರು: "ನಿಮಗೆ ಯಾವಾಗ ಗೊತ್ತಾಯ್ತು?"

ಹಿಂದೆ ಸಾಹುಕಾರರು ಕೂತಿದ್ದರು. ಶರಭಯ್ಯ ಒಮ್ಮೆ ತಿರುಗಿ ಅವರತ್ತ ನೋಡಿದ.

"ಅವತ್ತ ಗೊತ್ತಿತ್ರಿ. ಬೆಲ್ಟ್ ಬಂದ್ ಮಾಡಿದಾಂವ ನಾನ."

ಮಾಲೀಕರ ಕಡೆಯವರಿಗೆ ಅಂದೇ ತಿಳಿದಿತ್ತು, ಹಾಗಿರುವಾಗ ನೋಟಿಸ್ ಇಲ್ಲವೆಂಬ ನೆಪ ನಡೆಯದು ಎಂದು ಅಧಿಕಾರಿ ಬರೆಸಿದರು. ದುರುಗಮ್ಮನಿಗೆ ಪರಿಹಾರದ ಆದೇಶವಾಯಿತು. ಶರಭಯ್ಯನ ಕೆಲಸ ಹೋಯಿತು.

ಈಗ ನಾನು ಕಚೇರಿಯ ದಾಖಲೆ ಕೋಣೆಯ ಮೂಲೆಯಲ್ಲಿದ್ದೇನೆ. ಹಾಳೆ ಹಳದಿಯಾಗಿದೆ. ಪಕ್ಕದಲ್ಲಿ ಬೇರೆ ಬೇರೆ ಗಿರಣಿಗಳಿಂದ ಬಂದ ನನ್ನಂಥ ಪುಸ್ತಕಗಳ ರಾಶಿ. ಒಂದೊಂದನ್ನೂ ಮೆಲ್ಲಗೆ ಕೇಳುತ್ತೇನೆ, ನಿನ್ನಲ್ಲಿ ಯಾರಿದ್ದಾರೆ ಎಂದು. ಯಾರೂ ಇಲ್ಲ ಎನ್ನುತ್ತವೆ. ಅಷ್ಟು ಗಿರಣಿಗಳಲ್ಲಿ, ಅಷ್ಟು ವರ್ಷಗಳಲ್ಲಿ, ಒಬ್ಬರಿಗೂ ಪೆಟ್ಟಾಗಲಿಲ್ಲವೇ? ನನಗೆ ಹೆದರಿಕೆಯಾಗುತ್ತದೆ.