ನಗು ಸವೆಸಿದ ಕ್ಯಾಸೆಟ್

ಬೆಳಿಗ್ಗೆ ದಾಕ್ಷಾಯಣಿ ರೊಟ್ಟಿ ತಟ್ಟುತ್ತಿದ್ದಳು. ಮಗಳು ಶ್ರಾವಣಿ ನನ್ನನ್ನು ಅಟ್ಟದಿಂದ ತಂದು ಹಿಟ್ಟಿನ ಪರಾತದ ಪಕ್ಕ ಇಟ್ಟು, ಬೆರಳು ತೋರಿಸಿದಳು. ತಟ್ಟುವ ಕೈ ನಿಂತಿತು.

"ಅಯ್ಯ, ಇದು ಇನ್ನೂ ಐತೇನ! ನಿಮ್ಮ ಮಾಮಾಗ ಹೇಳೂಣು ತಡಿ."

ನಾನು ಒಂದು ವಿಡಿಯೊ ಕ್ಯಾಸೆಟ್. ನನ್ನ ಕರಿ ಪಟ್ಟಿಯ ಮೇಲೆ ಒಂದು ನಗೆಚಿತ್ರ ತುಂಬಿದ ದಿನವೇ ನಾನು ಹುಟ್ಟಿದ ದಿನ. ಮೊದಲು ಗದಗಿನ ಬಾಡಿಗೆ ಅಂಗಡಿಯಲ್ಲಿದ್ದು ಮನೆಮನೆ ತಿರುಗಿದೆ. ಅಂಗಡಿ ಮುಚ್ಚಿದಾಗ ದಾಕ್ಷಾಯಣಿಯ ಅಣ್ಣ ಚನ್ನವೀರ ನನ್ನನ್ನು ಕೊಂಡು ತಂದ. ಆಗ ಅವಳಿನ್ನೂ ಎರಡು ಜಡೆಯ ಹುಡುಗಿ.

ನನ್ನ ಚಿತ್ರದಲ್ಲಿ ಉಗ್ಗುವ ಆಳೊಬ್ಬನಿದ್ದಾನೆ. ವರ ಕಳ್ಳನೆಂದು ಹೇಳಲು ಮದುವೆ ಮಂಟಪಕ್ಕೆ ಓಡಿ ಬರುತ್ತಾನೆ. "ಕ... ಕ..." ಎನ್ನುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ. ಅಣ್ಣ ತಂಗಿ ಹೊಟ್ಟೆ ಹಿಡಿದು ನಗುತ್ತಿದ್ದರು. "ಹಿಂದಕ್ಕ ಹಾಕೋ, ಇನ್ನೊಮ್ಮೆ!" ಸುತ್ತಿ ಸುತ್ತಿ ನನ್ನ ಪಟ್ಟಿ ಅಲ್ಲಿಯೇ ಸವೆದು, ಚಿತ್ರದ ತುಂಬ ಬಿಳಿ ಗೆರೆ ಬಿದ್ದವು. ನನಗೆ ಅದೇ ಹೆಮ್ಮೆ. ಆಮೇಲೆ ಅಟ್ಟ, ಧೂಳು.

ಶ್ರಾವಣಿಯೂ ಉಗ್ಗುತ್ತಾಳೆ. ಶಾಲೆಯಲ್ಲಿ ಹುಡುಗರು ಅಣಕಿಸಿದ ಮೇಲೆ ಮಾತನ್ನೇ ಬಿಟ್ಟಿದ್ದಳು. ಅವಳ ಮಾತನ್ನು ತಾನು ಮುಗಿಸಬಾರದು, ಎಷ್ಟು ಹೊತ್ತಾದರೂ ಕಾಯಬೇಕು ಎಂಬುದು ದಾಕ್ಷಾಯಣಿಯ ಹಟ. ನನ್ನೊಳಗೆ ಏನಿದೆ ಎಂಬುದು ಮಾತ್ರ ಅಣ್ಣ ತಂಗಿ ಇಬ್ಬರಿಗೂ ಮರೆತುಹೋಗಿತ್ತು. ನೆನಪಿದ್ದದ್ದು ನಕ್ಕದ್ದಷ್ಟೇ.

ಚನ್ನವೀರ ನನ್ನನ್ನು ಓಡಿಸುವ ಹಳೆಯ ಯಂತ್ರ ಒರೆಸಿ ತಂದ. "ಕೂಸು ಒಂದೀಟು ನಗಲಿ," ಎಂದ. ನಾನು ಮುಲುಗುತ್ತ ತಿರುಗಿದೆ. ಮಂಟಪ ಬಂತು. ಆಳು ಓಡಿಬಂದ, ವಧುವಿನ ಕೊರಳಿಗೆ ತಾಳಿ ಬಿತ್ತು. ನಗಲು ಹೊರಟ ಚನ್ನವೀರ ಶ್ರಾವಣಿಯ ಮುಖ ನೋಡಿ ತಟಕ್ಕನೆ ಯಂತ್ರ ನಿಲ್ಲಿಸಿದ. ದಾಕ್ಷಾಯಣಿಯ ಮುಖ ಬಿಳುಪೇರಿತ್ತು.

ಶ್ರಾವಣಿ ಎದ್ದು ನಿಂತಳು. "ಅ... ಅ..."

"ಅವ್ವಾ ಅಂತಾಳ, ನೀರ ಬೇಕ—"

"ಸುಮ್ಕಿರೋ ಅಣ್ಣಾ. ಆಕೀನ ಹೇಳಲಿ."

ಹೊರಗೆ ಯಾರೋ ಕೂಗಿದರು: "ದಾಕ್ಷಕ್ಕಾ, ನಳಾ ಬಂದಾವು, ಕೊಡಾ ತೊಗೊಂಡು ಬಾ!" ವಾರಕ್ಕೊಮ್ಮೆ ಬರುವ ನೀರು. ದಾಕ್ಷಾಯಣಿ ಏಳಲಿಲ್ಲ. ಮಗಳ ಮುಖ ನೋಡುತ್ತ ಕುಳಿತಳು.

ನಾನು ಮುದಿಯಾಗಿದ್ದೇನೆ, ಇನ್ನೊಮ್ಮೆ ತಿರುಗಿದರೆ ಹರಿದೇನು. ನಗಿಸುವುದೇ ಬಾಳು ಎಂದುಕೊಂಡಿದ್ದೆ. ಪಟ್ಟಿ ಸವೆದ ಆ ಜಾಗದಲ್ಲಿ ಯಾರೂ ನಗದಿದ್ದದ್ದು ಇದೇ ಮೊದಲು.

"ಅ... ಅವ್ವಾ, ಅವ್ರು ಯಾ... ಯಾಕ ಕಾ... ಕಾಯಲಿಲ್ಲ?"