ಕಚ್ಚಿಟ್ಟ ರೊಟ್ಟಿ

ಆಸ್ಪತ್ರೆಗೆ ಊಟ ಒಯ್ಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಮರ್ಗಿಲಾನ್ ಊರಲ್ಲೇ ಇಲ್ಲ ಅಂತ ಮೆರೆಯುತ್ತಿದ್ದವಳು ನಾನು. ಅತ್ತೆ ಇನೋಬತ್‌ಗೆ ಪಿತ್ತಕೋಶದಲ್ಲಿ ಕಲ್ಲು. ಏಳು ದಿನ ಸಾರು ಒಯ್ದೆ. ಜಾಡಿಯನ್ನು ನೀರಲ್ಲಿ ಕುದಿಸಿ, ಕೋಳಿಯ ಚರ್ಮ ಸುಲಿದು, ಮೊದಲ ನೀರು ಚೆಲ್ಲಿ, ಬಿಸಿ ಆರುವುದರೊಳಗೆ ಆಸ್ಪತ್ರೆಯ ಕಿಟಕಿಗೆ ಮುಟ್ಟಿಸುತ್ತಿದ್ದೆ. ಆ ಕಿಟಕಿಯಲ್ಲಿ ಕೂರುವ ಸಲೋಮತ್ ಅಕ್ಕ ಎಲ್ಲರ ಡಬ್ಬಿ ಮೂಸಿ ಅರ್ಧಕ್ಕರ್ಧ ವಾಪಸ್ ಕಳಿಸುವವಳು. ನನ್ನದನ್ನು ಮಾತ್ರ ಮುಚ್ಚಳ ತೆಗೆಯದೆ ಒಳಗೆ ಬಿಡುತ್ತಿದ್ದಳು.

ಅತ್ತೆಗೆ ಅದೂ ಸಾಲದು, ಮೇಲಿನಿಂದ ಫೋನ್ ಮಾಡುತ್ತಿದ್ದರು. "ಇದು ಸಾರೋ, ಕೋಳಿ ಕಾಲು ತೊಳೆದ ನೀರೋ?"

"ಜಿಡ್ಡು ಮುಟ್ಟಬಾರದು ಅಂದಿದಾರೆ ಅತ್ತೆ."

"ಜಿಡ್ಡು ಬಿಟ್ಟೆ ಸರಿ. ಕೋಳೀನೂ ಬಿಟ್ಟಿದೀಯಲ್ಲ."

ಆಪರೇಷನ್‌ಗೆ ಮುಂಚೆ ಏನೂ ಕೊಡಬೇಡಿ, ನೀರೂ ಬೇಡ ಅಂದಿದ್ದರು ಡಾಕ್ಟರು. ಸರಿ, ಆ ದಿನ ಜಾಡಿ ಮುಟ್ಟಲಿಲ್ಲ. ಬೆಳಗಿನ ಜಾವ ಎದ್ದು, ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು, ತಂದೂರಿನಲ್ಲಿ ಒಂದೇ ಒಂದು ರೊಟ್ಟಿ ತಟ್ಟಿದೆ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸುತ್ತಿ ಮೇಲಂಗಿಯೊಳಗೆ ಇಟ್ಟುಕೊಂಡೆ. ಆಪರೇಷನ್ ದಿನ ಮನೆಯವರೊಬ್ಬರನ್ನು ಮೇಲಕ್ಕೆ ಬಿಡುತ್ತಾರೆ.

ದೂರ ಹೋಗುವವರು ರೊಟ್ಟಿ ಕಚ್ಚದೆ ಹೊಸ್ತಿಲು ದಾಟುವುದುಂಟೇ? ಉಳಿದದ್ದನ್ನು ಗೋಡೆಗೆ ತೂಗು ಹಾಕುತ್ತೇವೆ, ಅವರೇ ಬಂದು ತಿಂದು ಮುಗಿಸಬೇಕು. ರಷ್ಯಾಕ್ಕೆ ದುಡಿಯಲು ಹೋದ ನನ್ನ ಗಂಡ ಕಚ್ಚಿದ್ದು ಎರಡು ವರ್ಷದಿಂದ ಮೊಳೆಯಲ್ಲೇ ಇದೆ. ಆಪರೇಷನ್ ಕೋಣೆಗಿಂತ ದೂರದ ಊರು ಯಾವುದಿದೆ ಹೇಳಿ.

"ಚೆನ್ನಾಗಿ ಕಚ್ಚಿ ಅತ್ತೆ," ಅಂದೆ. ಬಾಯ್ತುಂಬ ಕಚ್ಚಿದರು. "ಪರವಾಗಿಲ್ಲ, ರೊಟ್ಟಿ ತಟ್ಟೋಕಾದ್ರೂ ಬರುತ್ತೆ ನಿಂಗೆ," ಅಂದು, "ಇದು ನನ್ನ ಮಗನ ಹೆಸರಲ್ಲಿ," ಅಂತ ಇನ್ನೊಂದು ಸಲ ಕಚ್ಚಿದರು. ನನಗೆ ಹಿಗ್ಗೋ ಹಿಗ್ಗು.

ತಳ್ಳುಗಾಡಿಯ ಪಕ್ಕದಲ್ಲಿ ಡಾಕ್ಟರು ಕೇಳಿದರು. "ಏನಾದ್ರೂ ತಿಂದ್ರಾ ತಾಯಿ?"

"ಇಲ್ಲಪ್ಪ," ಅಂದರು ಅತ್ತೆ.

"ರೊಟ್ಟಿ ಮೇಲಾಣೆ ಡಾಕ್ಟ್ರೇ, ಒಂದು ಚೂರೂ ತಿಂದಿಲ್ಲ," ಅಂದೆ ನಾನು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನಿಸಲೇ ಇಲ್ಲ. ಬೀಳ್ಕೊಡುವ ರೊಟ್ಟಿಯನ್ನು ಊಟ ಅಂತ ಯಾರು ಲೆಕ್ಕ ಹಿಡಿಯುತ್ತಾರೆ?

ಕೆಳಗೆ ಬಂದೆ. ಸಲೋಮತ್ ಅಕ್ಕ ಕಿಟಕಿಯಿಂದ ಕರೆದಳು. "ಇವತ್ತು ಜಾಡಿ ಇಲ್ವೇನೇ?"

"ಇಲ್ಲಕ್ಕ. ರೊಟ್ಟಿ ಕಚ್ಚಿಸಿ ಕಳಿಸಿದೆ, ಅಷ್ಟೆ."

ಅವಳು ಕೈಲಿದ್ದ ಡಬ್ಬಿ ಕೆಳಗಿಟ್ಟಳು. "ನುಂಗಿದ್ರಾ?"

"ಮತ್ತೆ ರೊಟ್ಟೀನ ಉಗುಳ್ತಾರಾ?"

"ಎಂಥ ಕೆಲಸ ಮಾಡಿದ್ಯೇ. ಮತ್ತಿನ ಇಂಜೆಕ್ಷನ್ ಕೊಟ್ಟಾಗ ಅದು ಹೊಟ್ಟೆಯಿಂದ ಮೇಲಕ್ಕೆ ಬಂದ್ರೆ ಸೀದಾ ಉಸಿರಿನ ಕೊಳವೆಗೆ ಹೋಗುತ್ತೆ. ಓಡು."

ಮೂರು ಮಹಡಿ ಹೇಗೆ ಹತ್ತಿದೆನೋ ತಿಳಿಯದು. ಆಪರೇಷನ್ ಕೋಣೆಯ ಬಾಗಿಲು ಬಡಿದೆ, ಗುದ್ದಿದೆ. ನರ್ಸ್ ಇಣುಕಿದಳು. ಇಂಜೆಕ್ಷನ್ ಆಗಲೇ ಕೊಟ್ಟಾಗಿತ್ತು.

ಡಾಕ್ಟರು ಹೊರಬಂದಾಗ ಅವರ ಅಂಗಿ ಒದ್ದೆಯಾಗಿತ್ತು. "ತಿಂದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ತೆಗೆದಿದ್ದೀವಿ. ಉಳೀತಾರೋ ಇಲ್ವೋ ಹೇಳೋಕಾಗಲ್ಲ." ನಾನು ಅಂಗಿಯೊಳಗಿಂದ ರೊಟ್ಟಿ ತೆಗೆದು ತೋರಿಸಿದೆ. ಎರಡು ಕಡೆ ಹಲ್ಲಿನ ಗುರುತು. ಅವರು ಬಯ್ಯಲಿಲ್ಲ. "ನಮ್ಮಮ್ಮನೂ ಕಚ್ಚಿಸ್ತಾಳೆ," ಅಂದರು. "ತಿಂದ್ರಾ ಅಂತ ಕೇಳಿದೆ. ಕಚ್ಚಿದ್ರಾ ಅಂತ ಕೇಳಬೇಕಿತ್ತು."

ಆರು ದಿನ ಐಸಿಯುನಲ್ಲಿ ಯಂತ್ರವೇ ಅತ್ತೆಗೆ ಉಸಿರಾಡಿಸಿತು. ನಾನು ಅನ್ನ ನೀರು ಬಿಟ್ಟು ಆ ಬಾಗಿಲ ಮುಂದೆ ಕೂತೆ. ಕೈ ತೊಳೆದದ್ದೇನು, ಬಟ್ಟೆಗೆ ಇಸ್ತ್ರಿ ಹಾಕಿದ್ದೇನು, ಥೂ ನನ್ನ ಜನ್ಮಕ್ಕೆ.

ಅತ್ತೆ ಕಣ್ಣು ಬಿಟ್ಟರು. ವಾರ್ಡಿಗೆ ತಂದ ಮೇಲೆ ಆರೈಕೆಗೆ ಅಂತ ನನ್ನನ್ನು ಮೇಲಕ್ಕೆ ಬಿಟ್ಟರು, ಸಾರು ಹಿಡಿದುಕೊಂಡು ಹೋದೆ. ಗಂಟಲು ಕಟ್ಟಿದ್ದರೂ ಮಾತಿಗೆ ಬರವಿಲ್ಲ. ನನ್ನ ಕೈ ಹಿಡಿದು ಪಕ್ಕದ ಮಂಚದ ಹನೀಫಾಗೆ ಕೇಳುವಂತೆ ಹೇಳಿದರು. "ಇವಳ ರೊಟ್ಟಿಯೇ ನನ್ನನ್ನ ಸಾವಿನ ಬಾಯಿಂದ ಎಳ್ಕೊಂಡು ಬಂದದ್ದು. ಮನೇಲಿ ತೂಗ್ತಾ ಇದ್ಯಲ್ಲ, ಹಾಗಾಗಿ ಬಂದೆ."

ಅದನ್ನು ನಾನು ತೂಗು ಹಾಕಿರಲೇ ಇಲ್ಲ. ಹನೀಫಾಗೆ ಅವತ್ತೇ ಆಪರೇಷನ್. ಅವಳ ಮಗಳು ಬಟ್ಟೆ ಬಿಚ್ಚಿ ರೊಟ್ಟಿ ಹೊರಗೆ ತೆಗೆಯುತ್ತಿದ್ದಳು.

"ಕಚ್ಚು ಹನೀಫಾ, ದೊಡ್ಡದಾಗಿ ಕಚ್ಚು," ಅಂದರು ಅತ್ತೆ.

ಬಾಯಿ ತನಕ ಹೋದ ರೊಟ್ಟಿಯನ್ನು ಕಿತ್ತುಕೊಂಡೆ. ಕೈಯಿಂದ ರೊಟ್ಟಿ ಕಸಿಯುವ ಪಾಪಿಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಹುಚ್ಚು ಹಿಡೀತೇನೇ ನಿಂಗೆ?" ಅಂದರು ಅತ್ತೆ.

"ಅದು ನಿಮ್ಮನ್ನ ಉಳಿಸಲಿಲ್ಲ ಅತ್ತೆ. ಶ್ವಾಸಕೋಶಕ್ಕೆ ಇಳಿದದ್ದು ಆ ರೊಟ್ಟೀನೇ. ಕಚ್ಚಿಸಿದ್ದು ನಾನು, ತಿಂದಿಲ್ಲ ಅಂತ ಆಣೆ ಇಟ್ಟಿದ್ದೂ ನಾನು. ನಾನೇ ನಿಮ್ಮನ್ನ ಕೊಲ್ತಿದ್ದೆ."

ಅತ್ತೆ ನನ್ನ ಕೈಯಿಂದ ಆ ರೊಟ್ಟಿ ತೆಗೆದುಕೊಂಡರು. ಹನೀಫಾ ಕಡೆ ತಿರುಗಿ ಚಾಚಿದರು. "ಹಣೆಗೊತ್ತಿಕೊಂಡು ಹೋಗು. ಅಷ್ಟು ಸಾಕು."

ಆಮೇಲೆ ಜಾಡಿಯನ್ನು ಹತ್ತಿರ ಎಳೆದುಕೊಂಡು, ಸಪ್ಪೆ ಸಾರನ್ನು ತಳದ ತನಕ ಕುಡಿದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.