ಎಲ್ಲಕ್ಕಿಂತ ಮೇಲೆ ಬಂದ ಪುಟ

ದೇವಪ್ಪ ಎಂಬವರ ಫೋನು ಬಂದಾಗ ನಾನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಬೆಳಗಿನ ಹತ್ತೂವರೆ. ಒಳಗೆ ಅತ್ತೆ ಲಕ್ಷ್ಮೀದೇವಿ ಮಗ್ಗದ ಮುಂದೆ ಕೂತಿದ್ದರು. ದಿನಕ್ಕೆ ಐದಾರು ಫೋನು ಹೀಗೆ ಬರುತ್ತವೆ, ಎಲ್ಲವೂ ನನ್ನ ವೆಬ್‌ಸೈಟು ನೋಡಿದವರದೇ. ಬಾಯಲ್ಲಿ ತುತ್ತು ಇದ್ದಂತೆಯೇ ಎತ್ತಿಕೊಂಡೆ.

"ಅಕ್ಕಾರ, ಬೆಳ್ಳಟ್ಟ್ಯಾಗ ಸಾವಂತ್ರೆವ್ವಾರ ಮನಿ ಯಾವ ಓಣ್ಯಾಗ ಬರತೈತ್ರಿ?"

"ಬಸ್ ಸ್ಟ್ಯಾಂಡಿನಿಂದ ಸೀದಾ ಬರ್ರಿ, ನೀರಿನ ಟಾಕಿ ದಾಟಿ ಎಡಕ್ಕ ಎರಡನೇ ಓಣಿ. ಬೇವಿನ ಗಿಡ ಐತಿ ಮನಿ ಮುಂದ. ಕಾಮಣಿ ಆಗಿ ಎಷ್ಟ ದಿನಾ ಆತ್ರಿ?" ಸಾವಂತ್ರೆವ್ವ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧಿ ಕೊಡುವ ಮುದುಕಿ; ಅವರ ಮನೆ ಕೇಳುವವರೆಲ್ಲ ಅದಕ್ಕೇ ಬರುವವರು.

"ಕಾಮಣಿ ಅಲ್ರಿ. ಹಾವು. ನನ್ನ ಮಗಳಿಗೆ ಮೇವು ಕೊಯ್ಯೂ ಮುಂದ ಕಡದೈತಿ. ಸಿಂಗಟಾಲೂರ ಕಡಿಂದ ಬೈಕಿನ ಮ್ಯಾಲ ಈಗ ಮನಿ ಬಿಡತೇವಿ. ಇನ್ನ ಮಾತಾಡೂಹಂಗಿಲ್ಲಲ್ರಿ, ನಿಮ್ಮ ಪುಟದಾಗ ಐತಿ. ಬಂದ್ ಮಾಡತೀನ್ರಿ."

ಫೋನು ಕಟ್ಟಾಯಿತು. ಅವಲಕ್ಕಿ ತಟ್ಟೆ ಬದಿಗಿಟ್ಟೆ. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿ ಏನೂ ಆಗಬೇಕಾಗಿಲ್ಲ. ಮೂರು ವರ್ಷದಿಂದ ನಾನು 'ಗದಗ ಸೀಮೆ' ಎಂಬ ವೆಬ್‌ಸೈಟು ನಡೆಸುತ್ತಿದ್ದೇನೆ. ಲಕ್ಷ್ಮೇಶ್ವರದ ಬಸದಿಗಳ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಮುಂಡರಗಿಯಿಂದ ಕಡೆಯ ಬಸ್ಸು ಯಾವುದು, ಶಿರಹಟ್ಟಿಯಲ್ಲಿ ಊಟ ಎಲ್ಲಿ ಚಲೋ, ಇಂಥವೆಲ್ಲ ಅದರಲ್ಲಿವೆ. ಒಂದೊಂದು ಊರಿಗೂ ಹೋಗಿ, ಕೇಳಿ, ನೋಡಿ ಬರೆದ ಪುಟಗಳು. ಆದರೆ ಓದುವವರೇ ಇರಲಿಲ್ಲ. ಸರ್ಚ್ ಮಾಡಿದರೆ ನಾನು ನಾಲ್ಕನೇ ಪುಟದಲ್ಲಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತಿದ್ದೆ. ಅಲ್ಲಿಯವರೆಗೆ ಯಾರು ಬರುತ್ತಾರೆ?

ಯಾರೋ ವೀಡಿಯೊದಲ್ಲಿ ಹೇಳಿದರು, ಪುಟ ಉದ್ದ ಇರಬೇಕು, ಜನ ಕೇಳುವ ಪ್ರಶ್ನೆಗಳಿಗೆಲ್ಲ ಕೆಳಗೆ ಉತ್ತರ ಇರಬೇಕು, ಎಐಗೆ ಕೊಟ್ಟರೆ ಅದೇ ಬರೆದುಕೊಡುತ್ತದೆ ಅಂತ. ಕೊಟ್ಟೆ. ಮೂರು ಮಧ್ಯಾಹ್ನಗಳಲ್ಲಿ ಮುನ್ನೂರ ನಲವತ್ತು ಪುಟಗಳಿಗೂ ಹತ್ತು ಹತ್ತು ಪ್ರಶ್ನೋತ್ತರ ಹುಟ್ಟಿಕೊಂಡವು. ಮೊದಲ ಇಪ್ಪತ್ತು ಓದಿದೆ. ಎಷ್ಟು ಚೆಂದದ ಕನ್ನಡ! ನನಗಿಂತ ಚಲೋ ಬರೆದಿದೆ ಅನಿಸಿ ಹೊಟ್ಟೆಕಿಚ್ಚೂ ಆಯಿತು. ಉಳಿದವನ್ನು ಓದದೆಯೇ ಏರಿಸಿಬಿಟ್ಟೆ. ತಿಂಗಳು ತುಂಬುವುದರೊಳಗೆ ನನ್ನ ಪುಟಗಳು ಒಂದೊಂದಾಗಿ ಮೇಲೆ ಬಂದವು. ಖುಷಿ ತಡೆಯಲಾರದೆ ಅತ್ತೆಗೆ ಮೊಬೈಲು ತೋರಿಸಿದೆ.

"ಎಲ್ಲಾ ಓದಿ ನೋಡೀಯೇನವಾ?" ಎಂದು ಕೇಳಿದ್ದರು ಅವರು.

ನೇಯ್ದ ಗೇಣು ಗೇಣು ಬಟ್ಟೆಯನ್ನೂ ಅಂಗೈಯಿಂದ ಸವರಿ, ಎಳೆ ಎಲ್ಲಿ ತಪ್ಪಿದೆ ಎಂದು ನೋಡದೆ ಸುತ್ತದ ಮನೆತನ ಇದು. ಅಂಥ ಮನೆಯ ಸೊಸೆ ನಾನು. "ಹ್ಞೂ ಅತ್ತಿ" ಎಂದಿದ್ದೆ.

ಈಗ ಸಾವಂತ್ರೆವ್ವನ ಪುಟ ತೆರೆದೆ. ಆರನೇ ಪ್ರಶ್ನೆ: ಹಾವು ಕಡಿದರೂ ಸಾವಂತ್ರೆವ್ವ ಔಷಧಿ ಕೊಡುತ್ತಾರೆಯೇ? ಉತ್ತರ: ಹೌದು, ಹಾವು, ಚೇಳು ಮುಂತಾದ ವಿಷಜಂತುಗಳ ಕಡಿತಕ್ಕೂ ಇವರ ಗಿಡಮೂಲಿಕೆ ಪರಿಣಾಮಕಾರಿಯೆಂದು ಸುತ್ತಲಿನ ಜನ ನಂಬುತ್ತಾರೆ, ಆದಷ್ಟು ಬೇಗ ಕರೆದೊಯ್ಯಿರಿ.

ಯಾವ ಜನ? ಯಾರು ನಂಬುತ್ತಾರೆ? ಆ ಮುದುಕಿ ನಲವತ್ತು ವರ್ಷದಿಂದ ಕಾಮಾಲೆಗೆ ಬಿಟ್ಟು ಇನ್ನೊಂದಕ್ಕೆ ಒಂದು ಎಲೆ ಕೊಟ್ಟವಳಲ್ಲ. ಯಂತ್ರಕ್ಕೆ ಆರನೇ ಪ್ರಶ್ನೆ ಬೇಕಿತ್ತು, ಒಂದನ್ನು ಹುಟ್ಟಿಸಿಕೊಂಡಿತು.

ಆದರೆ ಫೋನು ಬಂದ್ ಮಾಡಿಸಿದ್ದು ಯಂತ್ರವಲ್ಲ. ಅದನ್ನು ಬರೆದವಳು ನಾನೇ. ಬೆಳ್ಳಟ್ಟಿಯ ಆ ಔಷಧಿಗೊಂದು ಪದ್ಧತಿ ಇದೆ. ಮನೆ ಬಿಟ್ಟವರು ಔಷಧಿ ಹೊಟ್ಟೆಗೆ ಬೀಳುವ ತನಕ ಯಾರ ಜೊತೆಗೂ ಮಾತಾಡಬಾರದು, ಕರೆದರೆ ನಿಲ್ಲಬಾರದು, ತಿರುಗಿ ನೋಡಬಾರದು. ಕೊಡುವವಳೂ ಕೊಟ್ಟಾದ ಮೇಲೆಯೇ ಬಾಯಿ ತೆರೆಯುತ್ತಾಳೆ. ನಡುವೆ ಮಾತಾಡಿದರೆ ಅವತ್ತಿಗೆ ಔಷಧಿಯ ಗುಣ ಹೋಯಿತು ಎಂದು ನಂಬಿಕೆ. ಇದೆಷ್ಟು ಸೊಗಸಾಗಿದೆ ಎಂದು ನಾನು ಹಿಗ್ಗಿ, 'ಹೊರಡುವಾಗಲೇ ಮೊಬೈಲು ಬಂದ್ ಮಾಡಿಡಿ' ಎಂದು ಬುದ್ಧಿವಾದ ಬೇರೆ ಸೇರಿಸಿದ್ದೆ.

ಪುಟ ಅಳಿಸಿದೆ. ಸರ್ಚ್ ಮಾಡಿ ನೋಡಿದರೆ ಎಲ್ಲಕ್ಕಿಂತ ಮೇಲೆ ನನ್ನದೇ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಹೌದು, ಹಾವು, ಚೇಳು'. ಮತ್ತೆ ಅಳಿಸಲು ಹೋದೆ, ಅಳಿಸಲು ಏನೂ ಉಳಿದಿರಲಿಲ್ಲ. ಸರ್ಚ್‌ನವರಿಗೆ ತೆಗೆಯಿರಿ ಎಂದು ಅರ್ಜಿ ತುಂಬಿ ಕಳಿಸಿದೆ. ಕೆಲವು ದಿನ ಬೇಕಾಗಬಹುದು ಎಂದು ಉತ್ತರ ಬಂತು. ಮೇಲೆ ಬರಬೇಕು ಎಂದು ತಿಂಗಳುಗಟ್ಟಲೆ ದೇವರಿಗೆ ಕೈ ಮುಗಿದವಳು, ಕೆಳಗೆ ಬೀಳಲಿ ಎಂದು ಅವತ್ತು ಅದೇ ದೇವರಿಗೆ ಕೈ ಮುಗಿದೆ.

೧೦೮ಕ್ಕೆ ಹಚ್ಚಿದೆ. "ಪೇಷಂಟ್ ಎಲ್ಲಿದಾರೆ?" ಎಂದರು.

"ದಾರಿಯೊಳಗ ಅದಾರ. ಯಾವ ದಾರಿ ಗೊತ್ತಿಲ್ರಿ. ಬೆಳ್ಳಟ್ಟಿಗೆ ಬರತಾರ. ಗಾಡಿ ಅಲ್ಲಿಗೇ ಕಳಸ್ರಿ, ಹಾವು ಕಡದೈತಿ."

"ನೀವು ಅವರಿಗೆ ಏನಾಗಬೇಕು?"

"ದಾರಿ ಹೇಳಿದಾಕಿರಿ" ಎಂದೆ. ೧೦೮ರ ಆ ಹುಡುಗಿ ಸಾವಂತ್ರೆವ್ವನ ಮನೆಯ ಗುರುತು ಕೇಳಿ ಬರೆದುಕೊಂಡಳು.

ಆಮೇಲೆ ಸಾವಂತ್ರೆವ್ವನ ಸೊಸೆ ನಾಗರತ್ನಾಳಿಗೆ ಹಚ್ಚಿದೆ. ನಾನು ಹೋದಾಗಲೆಲ್ಲ ಚಹಾ ಕೊಡದೆ ಬಿಟ್ಟವಳಲ್ಲ. ಮೂರನೇ ಸಲಕ್ಕೆ ಎತ್ತಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅದನ್ನ ನೀವ ಬರದಿದ್ದೇನ್ರಿ ಅಕ್ಕಾರ?" ಅವಳ ಧ್ವನಿ ಬೇರೆಯಾಯಿತು. "ಹೋದ ವಾರಾನೂ ಹಾವಿಗಂತ ಒಬ್ಬರು ಬಂದಿದ್ರು. ಮೊಬೈಲ್ ತೋರಿಸಿದ್ರು. ಅತ್ತಿ ಕೈ ಸನ್ನಿ ಮಾಡಿ ಇಲ್ಲ ಅಂದು ವಾಪಸ್ ಕಳಿಸಿದ್ರು."

"ಅವರಿಗೆ ಏನಾತು?"

"ಯಾರಿಗ್ಗೊತ್ತ್ರಿ? ಯಾವ ಊರಂತ ಕೇಳಲಿಲ್ಲ. ಮಾತಾಡೂಹಂಗಿಲ್ಲಲ್ಲ."

ಮಗ್ಗದ ಸಪ್ಪಳ ನಿಂತಿತ್ತು. ಅತ್ತೆ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ಅದು ಬೈಗಳಿಗಿಂತ ಕಷ್ಟವಾಯಿತು.

"ಅಲ್ಲಿ ಮತ್ತ ಯಾರ ಅದಾರ ಗುರತಿನವ್ರು? ಜಲ್ದಿ ವಿಚಾರ ಮಾಡು" ಎಂದರು.

ಖಲೀಲ ನೆನಪಾದ. ಬೆಳ್ಳಟ್ಟಿ ಬಸ್ ಸ್ಟ್ಯಾಂಡಿನ ಆಟೋದವನು, ನನ್ನ ಪುಟಗಳಿಗೆ ಬಸ್ಸಿನ ವೇಳೆ ಹೇಳುವವನು ಅವನೇ. ಊರ ಹೊರಗೆ ನಿಂತು, ಹುಡುಗಿಯನ್ನು ನಡುವೆ ಕೂರಿಸಿಕೊಂಡ ಬೈಕು ಬಂದರೆ ತಡೆ ಎಂದೆ. "ಆತ್ರಿ ಅಕ್ಕಾ" ಎಂದು ಹೊರಟ.

ಆಮೇಲಿನ ಅರ್ಧ ತಾಸನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಬೆಟಗೇರಿಯಿಂದ ಬೆಳ್ಳಟ್ಟಿಗೆ ನಾನು ಹಾರಿ ಹೋಗಲಾರೆ. ಪಡಸಾಲೆಯಿಂದ ಬಾಗಿಲಿಗೆ, ಬಾಗಿಲಿಂದ ಪಡಸಾಲೆಗೆ ಅಡ್ಡಾಡಿದೆ. ಆ ಮಗುವಿನ ಹೆಸರು ಕೂಡ ಕೇಳಲಿಲ್ಲವಲ್ಲ ಎಂದು ಹಲುಬಿದೆ. ದೇವಪ್ಪನ ನಂಬರಿಗೆ ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ, ಪ್ರತಿ ಸಲವೂ ಸ್ವಿಚ್ ಆಫ್ ಎನ್ನುವ ಅದೇ ಹೆಂಗಸಿನ ತಣ್ಣನೆಯ ದನಿ.

ಖಲೀಲ ಹಚ್ಚಿದ. "ಅಕ್ಕಾ, ಬಂದ್ರು. ಅಡ್ಡ ನಿಂತೆ, ಕೈ ಮಾಡಿದೆ, ಒದರಿದೆ. ನಿಲ್ಲಲಿಲ್ಲ. ತಿರುಗೂ ನೋಡಲಿಲ್ಲ. ಹುಡುಗಿ ಕುತ್ತಿಗಿ ವಾಲೈತಿ. ನಾ ಹಿಂದ ಹೊಂಟೀನಿ."

ನಾಗರತ್ನಾಳಿಗೆ ಹಚ್ಚಿದೆ. ಎತ್ತಿದಳು, ಆದರೆ ನನ್ನೊಂದಿಗೆ ಮಾತಾಡಲಿಲ್ಲ. ಫೋನು ಕೈಯಲ್ಲೇ ಹಿಡಿದು ಓಡುತ್ತಿದ್ದಳು. ಬೈಕಿನ ಸದ್ದು, ನಾಯಿ ಬೊಗಳಿದ್ದು, ಯಾರೋ ಹೆಂಗಸು, ಹುಡುಗಿಯ ತಾಯಿಯೇ ಇರಬೇಕು, ಬಾಯಿಗೆ ಸೆರಗು ಒತ್ತಿಕೊಂಡಂತೆ ಬಿಕ್ಕುವುದು ಕೇಳಿಸಿತು. ಒಬ್ಬರದೂ ಮಾತಿಲ್ಲ. ಮುಂದಿನ ದನಿ ಸಾವಂತ್ರೆವ್ವನದು.

"ಯಾಕ ಬಾಯಿ ಮುಚ್ಚಿಕೊಂಡ ನಿಂತೀಯೋ? ಮಾತಾಡು! ಕೂಸಿಗೆ ಕಡದು ಎಷ್ಟೊತ್ತಾತು, ಹೇಳು! ಇದಕ್ಕ ನನ್ನ ಹಂತ್ಯಾಕ ಏನೂ ಇಲ್ಲ, ಕೇಳಿದಿಲ್ಲೋ, ಏನೂ ಇಲ್ಲ! ದವಾಖಾನಿಗೆ ನಡಿ!"

ನಲವತ್ತು ವರ್ಷದ ಪದ್ಧತಿಯನ್ನು ಆ ಮುದುಕಿ ಅಂಗಳದಲ್ಲಿ ನಿಂತು ಹೀಗೆ ಮುರಿದಳು. ಒಳಗೆ ಕಾಮಾಲೆಯವರು ಮೂವರು ಔಷಧಿಗೆ ಕಾದು ಕೂತಿದ್ದರಂತೆ, ಅವತ್ತು ಅವರಿಗೂ ಕೊಡಲಿಲ್ಲವಂತೆ. ಅಷ್ಟರಲ್ಲಿ ದೂರದಿಂದ ಗಾಡಿಯ ಕೂಗು ಕೇಳಿತು. "ಬಂತ್ರಿ ಅಕ್ಕಾರ, ಬಂತ್ರಿ" ಎಂದು ನಾಗರತ್ನಾ ಅಳುತ್ತ ಹೇಳಿದಳು.

ಮೂರು ದಿನ ಸುದ್ದಿಯೇ ಇರಲಿಲ್ಲ. ಗದಗಿನ ದೊಡ್ಡ ಆಸ್ಪತ್ರೆಗೆ ತಂದರು ಎಂದಷ್ಟೇ ಖಲೀಲ ಹೇಳಿದ. ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆ ಮೂರೂ ದಿನ ಕೂತು ಉಳಿದ ಪುಟಗಳನ್ನು ಓದಿದೆ. ಇಲ್ಲದ ಬಸ್ಸು, ಇಲ್ಲದ ಬಾವಿ, ಎಂದೋ ಮುಚ್ಚಿದ ಖಾನಾವಳಿ ಸಿಕ್ಕವು. ಒಂದೊಂದನ್ನೂ ಅಳಿಸಿದೆ. ಹೋದ ವಾರ ಬಂದು ಮಾತಿಲ್ಲದೆ ವಾಪಸ್ ಹೋದವರು ಯಾರಾಗಿದ್ದರು ಎಂಬ ಯೋಚನೆ ಮಾತ್ರ ಊಟಕ್ಕೆ ಕೂತರೂ ಬಿಡಲಿಲ್ಲ, ಹಾಸಿಗೆಗೆ ಹೋದರೂ ಬಿಡಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ದೇವಪ್ಪನ ನಂಬರಿನಿಂದ ಫೋನು ಬಂತು.

"ಅಕ್ಕಾರ, ಮಗಳು ಉಳದಳ್ರಿ! ಇವತ್ತ ಕಣ್ಣ ಬಿಟ್ಟು ಅವ್ವನ್ನ ಕರದಳು. ನಿಮ್ಮ ಉಪಕಾರ ಈ ಜನ್ಮದಾಗ ತೀರಸಾಕ ಆಗೂದಿಲ್ರಿ."

ನನಗೆ ಅಳು ಬಂತು. ಒಂದು ನಿಮಿಷ ಅಳುವುದೇ ಆಯಿತು. ಆಮೇಲೆ, ಹೇಳಲೇಬೇಕಾದ್ದನ್ನು ಹೇಳಿದೆ. "ದೇವಪ್ಪಾರ, ನಂದೇನೂ ಉಪಕಾರಿಲ್ರಿ. ಪುಟದಾಗ ಇದ್ದದ್ದು ಸುಳ್ಳು. ಸಾವಂತ್ರೆವ್ವ ಹಾವಿಗೆ ಔಷಧಿ ಕೊಡೂದಿಲ್ಲ. ನಿಮ್ಮ ಮಗಳನ್ನ ಉಳಿಸಿದವ್ರು ದವಾಖಾನ್ಯಾವ್ರು. ನನ್ನಿಂದ ನಿಮಗ ಒಂದು ತಾಸು ಹಾಳಾತು."

ಅವರು ನಕ್ಕರು. ಮಗಳು ಉಳಿದ ತಂದೆಯ ತುಂಬಿದ ನಗು ಅದು. "ನೀವು ದೊಡ್ಡವ್ರು, ಅದಕ್ಕ ಹಂಗಂತೀರಿ. ನಾವು ಹೋಗೂದ್ರಾಗ ಆ ಅವ್ವ ಗಾಡಿ ಕರಸಿ ಇಟ್ಟಿದ್ಲರಿ! ನಾವು ಬರೂದು ಆಕಿಗೆ ಹ್ಯಾಂಗ ಗೊತ್ತಾತು? ಮೌನ ಮುರಿದು ಬಾಯಿ ಬಿಟ್ಟು ಹರಸಿದ್ಲು. ಪುಟ ನೀವು ತಗದೀರಿ, ಆದರ ನಾ ಅದರ ಫೋಟೋ ಹೊಡಕೊಂಡಿದ್ದೆ. ಊರ ಗ್ರೂಪಿಗೆ, ಬೀಗರ ಗ್ರೂಪಿಗೆ ಎಲ್ಲಾ ಕಡೆ ಹಾಕೀನಿ. ಹಾವು ಕಡದರ ಸೀದಾ ಬೆಳ್ಳಟ್ಟಿಗೆ ಹೋಗ್ರಿ ಅಂತ ಬರದೀನಿ."

"ತಗೀರಿ! ಈಗಿಂದೀಗ ತಗೀರಿ, ನಿಮ್ಮ ಕಾಲಿಗೆ ಬೀಳತೀನಿ. ಗಾಡಿ ಕಳಿಸಿದ್ದು ನಾನು. ಅದು ಖರೆ ಅಲ್ರಿ, ಮಷಿನ್ ಬರದದ್ದು, ನಾ ಓದಿರಲಿಲ್ಲ."

ಅವರು ಪೂರ್ತಿ ಕೇಳಿಸಿಕೊಂಡರು. ನನ್ನ ಮಾತು ತಲುಪಿತು ಎಂದುಕೊಂಡೆ.

"ಅಲ್ರಿ ಅಕ್ಕಾರ," ಎಂದರು ದೇವಪ್ಪ ತೀರಾ ಮೆತ್ತಗೆ, ತಿಳಿಯದವಳಿಗೆ ತಿಳಿಸಿ ಹೇಳುವ ಧಾಟಿಯಲ್ಲಿ. "ಖರೆ ಇಲ್ಲಂದ್ರ ಅದು ಎಲ್ಲಾಕ್ಕಿಂತ ಮ್ಯಾಲ ಯಾಕ ಬರತಿತ್ರಿ?"

ಏನು ಹೇಳಿದರೂ ಅವರು ಕೇಳಲಿಲ್ಲ. ಕಡೆಗೆ ಊರು ಯಾವುದು, ಓಣಿ ಯಾವುದು ಎಂದು ಕೇಳಿ ಬರೆದುಕೊಂಡೆ. ಮನೆಮನೆಗೆ ಹೋಗಿ ಬಾಯಿಂದಲೇ ಹೇಳಬೇಕು, ಬೇರೆ ದಾರಿ ಕಾಣಲಿಲ್ಲ. ಅತ್ತೆ ಆಗಲೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ದೇವಪ್ಪನ ಊರ ಕಡೆಗೆ ಹೋಗುವ ಮುಂಡರಗಿ ಬಸ್ಸು ಹತ್ತಿದೆವು.